ನಾನು ಈಜುಕೊಳ ಬೆಳಗಿದ್ದು

ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಜಾಗವಿದೆ. ನಮ್ಮವರಿಗೆ ಕಿಟಕಿ ಪಕ್ಕದ ಒರಗು ಕುರ್ಚಿ. ಅದರಲ್ಲಿ ಬೇರೆ ಯಾರಾದರೂ ಕೂತರೆ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಎದುರಿಗೆ ನಿಂತು ಕೆಮ್ಮುತ್ತಾರೆ. ಅತ್ತೆಗೆ ಟೀವಿಯ ಮುಂದಿನ ಸೋಫಾ. ಅದರ ಮೇಲೆ ಅವರದೇ ಅಳತೆಯ ಒಂದು ತಗ್ಗು ಬಿದ್ದಿದೆ. ಕಾಲೇಜಿಗೆ ಹೋಗುವ ಮಗಳಿಗೆ ಇಡೀ ಒಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಚಿಲಕ. ನನಗೇನಿದೆ ಎಂದು ಕೇಳಿದರೆ ಅಡುಗೆಮನೆ ಇದೆಯಲ್ಲ ಅನ್ನುತ್ತಾರೆ. ಅಡುಗೆಮನೆ ಜಾಗವಲ್ಲ ಸ್ವಾಮಿ, ಅದು ಕಚೇರಿ. (ರಜೆ ಇಲ್ಲ, ಬಡ್ತಿ ಇಲ್ಲ, ನಿವೃತ್ತಿಯ ಸುದ್ದಿಯಂತೂ ಯಾರೂ ಎತ್ತುವುದಿಲ್ಲ.)

ಆದರೆ ನನಗೂ ಒಂದು ಜಾಗವಿತ್ತು. ಅದು ಮನೆಯ ಹಿಂದಿನ ಈಜುಕೊಳ.

ಈಜುಕೊಳ ಎಂದ ಕೂಡಲೇ ನಮ್ಮನ್ನು ಭಾರೀ ಕುಳಗಳು ಅಂದುಕೊಂಡು ಹುಬ್ಬೇರಿಸಬೇಡಿ. ಈ ಮನೆಯ ಹಿಂದಿನ ಮಾಲೀಕನಿಗೆ ವಿಪರೀತ ಶೋಕಿ. ಕೊಳ ಕಟ್ಟಿಸಿದ, ಅದನ್ನು ನೋಡಿಕೊಳ್ಳಲಾಗದೆ ಸುಸ್ತಾದ, ಕೊನೆಗೆ ಮನೆಯನ್ನೇ ಮಾರಿ ಹೋದ. ಮನೆಯ ಜೊತೆ ಕೊಳ ತಾನಾಗಿಯೇ ಬಂತು, ಮದುವೆಯಾದಾಗ ಗಂಡನ ಜೊತೆ ಅತ್ತೆ ಬಂದ ಹಾಗೆ.

ನೀರು ಶುದ್ಧವಾಗಿಯೇ ಇತ್ತು. ಪಂಪು ಓಡಿಸುವುದು, ಅಳತೆ ನೋಡಿ ಕ್ಲೋರಿನ್ ಹಾಕುವುದು, ಎಲೆ ಬಾಚುವುದು ಎಲ್ಲಾ ನಾನೇ ಮಾಡುತ್ತಿದ್ದೆ. ಕೆಟ್ಟಿದ್ದದ್ದು ನೀರಲ್ಲ, ಒಳಮೈಯ ಬಿಳಿ ಗಾರೆ. ನೀರು ಗಾರೆಯನ್ನು ಮುಟ್ಟುವ ಅಂಚಿನುದ್ದಕ್ಕೂ, ಹಳೆಯ ಕೆಟಲಿನ ಒಳಗೆ ಇರುತ್ತದಲ್ಲ, ಆ ಥರ ಸುಣ್ಣ ಹಕ್ಕಳೆಗಟ್ಟಿತ್ತು. ಕಬ್ಬಿಣದ ಏಣಿ ಇದ್ದ ಕಡೆಯಿಂದ ತುಕ್ಕಿನ ಧಾರೆ ಇಳಿದಿತ್ತು. ತಳದಲ್ಲಿ ಯಾವ ಕಾಲದ್ದೋ ಎಲೆಗಳು ತಮ್ಮ ನೆರಳನ್ನು ಬಿಟ್ಟು ಹೋಗಿದ್ದವು. ಆಳದ ಮೂಲೆಯಲ್ಲಿ ಬಾಲ ಚಾಚಿಕೊಂಡು ಮಲಗಿದ ಒಂದು ದೊಡ್ಡ ಕಂದು ಕಲೆ. ಮಗಳು ಚಿಕ್ಕವಳಿದ್ದಾಗ ಅದಕ್ಕೆ ಮೊಸಳೆ ಎಂದು ಹೆಸರಿಟ್ಟು ಕಿರುಚಿಕೊಂಡು ಓಡಿದವಳು, ದೊಡ್ಡವಳಾದ ಮೇಲೂ ಆ ಕಡೆ ಸುಳಿಯಲಿಲ್ಲ. ಅತ್ತೆ ಮೂಗು ಮುರಿದರು. ನಮ್ಮವರು ತಮ್ಮದು ಸೂಕ್ಷ್ಮ ಚರ್ಮ ಎಂದು ಸಾರಿದರು. ಹೀಗೆ ಯಾರೂ ಬೇಡವೆಂದ ಕೊಳ ನನ್ನ ಪಾಲಿಗೆ ಬಂತು.

ಮಧ್ಯಾಹ್ನ ಪಾತ್ರೆ ಬೆಳಗಿ ಮುಗಿಸಿ, ಅತ್ತೆಯ ಗೊರಕೆ ಒಂದು ಲಯಕ್ಕೆ ಬಂದ ಮೇಲೆ, ನಾನು ಸದ್ದಿಲ್ಲದೆ ಹೋಗಿ ನೀರಿನ ಮೇಲೆ ಅಂಗಾತ ಮಲಗುತ್ತಿದ್ದೆ. ಕಿವಿ ನೀರಿನೊಳಗೆ ಇಳಿದ ಕ್ಷಣ ಮನೆ ದೂರವಾಗುತ್ತಿತ್ತು. ಫೋನಿನ ಗಂಟೆ, ಬಾಗಿಲಿನ ಗಂಟೆ, “ನನ್ನ ನೀಲಿ ಶರ್ಟ್ ಎಲ್ಲಿ?” ಎನ್ನುವ ಕೂಗು, ಎಲ್ಲವೂ ಬೇರೆ ಯಾವುದೋ ಊರಿನಲ್ಲಿ ಬೇರೆ ಯಾರಿಗೋ ಸಂಬಂಧಪಟ್ಟ ಹಾಗೆ ಕೇಳಿಸುತ್ತಿದ್ದವು. ನನಗೆ ಕೇಳುತ್ತಿದ್ದದ್ದು ನನ್ನ ಉಸಿರು ಒಂದೇ. ಒಂದು ಮೋಡ ನಿಧಾನವಾಗಿ ನಮ್ಮ ಮಾಳಿಗೆ ದಾಟಿ ಹೋಗುತ್ತಿತ್ತು, ನಾನೂ ಅದರ ಜೊತೆ ಸ್ವಲ್ಪ ದೂರ ಹೋಗಿ ಬರುತ್ತಿದ್ದೆ. ಆ ಹೊತ್ತಿನಲ್ಲಿ ನನಗೆ ತೂಕವೇ ಇರುತ್ತಿರಲಿಲ್ಲ. (ಡಾಕ್ಟರ ತಕ್ಕಡಿ ಇದನ್ನು ಒಪ್ಪುವುದಿಲ್ಲ. ಅದು ನೆಲದ ಮೇಲಿನ ತಕ್ಕಡಿ, ಅದಕ್ಕೇನು ಗೊತ್ತು?)

ಕೆಲವು ದಿನ ನೀರುಕನ್ನಡಕ ಹಾಕಿಕೊಂಡು ಮಗುಚಿ ತೇಲುತ್ತಿದ್ದೆ. ಆಗ ಕೆಳಗೆ ಇಡೀ ಒಂದು ದೇಶ. ಕಂದು ದ್ವೀಪಗಳು, ಎಲೆನೆರಳಿನ ಕಾಡುಗಳು, ತುಕ್ಕಿನ ನದಿ, ಸುಣ್ಣದ ಕಡಲತೀರ. ಬಿಸಿಲು ಅದರ ಮೇಲೆ ಬಲೆ ಬೀಸಿ ಎಳೆದುಕೊಳ್ಳುತ್ತಿತ್ತು. ನಾನು ಆ ದೇಶದ ಮೇಲೆ ಹಾರುತ್ತಿದ್ದ ಮಹಾರಾಣಿ. ನನ್ನ ಸಾಮ್ರಾಜ್ಯದಲ್ಲಿ ಯಾರಿಗೂ ಹಸಿವಾಗುತ್ತಿರಲಿಲ್ಲ, ಯಾರ ಶರ್ಟೂ ಕಳೆದುಹೋಗುತ್ತಿರಲಿಲ್ಲ. ಮದುವೆಯಾದ ಮೇಲೆ ಅಷ್ಟು ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ ಎಂದು ನೇರವಾಗಿ ಹೇಳಿಬಿಡುತ್ತೇನೆ.

ಹೀಗಿರುವಾಗ ಒಂದು ದಿನ ಊಟದ ಮೇಜಿನ ಮುಂದೆ ನಮ್ಮವರು ಗಂಟಲು ಸರಿಮಾಡಿಕೊಂಡರು. ಇವರು ವಿಮಾ ಕಂಪನಿಯಲ್ಲಿ ನಷ್ಟದ ಅಂದಾಜು ಹಾಕುವವರು. ಸುಟ್ಟ ಗೋದಾಮು, ಮುಳುಗಿದ ಅಂಗಡಿ, ನಜ್ಜುಗುಜ್ಜಾದ ಲಾರಿ ನೋಡಿ ನೋಡಿ ಇವರಿಗೆ ಲೋಕದಲ್ಲಿ ನೆಟ್ಟಗಿರುವುದು ಕಣ್ಣಿಗೇ ಬೀಳುವುದಿಲ್ಲ. ಬಂಧುಬಳಗದಲ್ಲಿ ಇವರ ಅಡ್ಡಹೆಸರೇ ಅಂದಾಜು ಸಾಹೇಬರು.

“ಹಿಂದ್ಗಡೆ ಕೊಳ ಮುಚ್ಚಿಸಿಬಿಡೋಣ ಅಂತಿದ್ದೀನಿ,” ಎಂದರು.

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. “ಯಾಕೆ? ಅದೇನು ಮಾಡ್ತು ನಿಮಗೆ?”

“ಅಷ್ಟೊಂದು ಕಲೆ ಬಿದ್ದಿರೋದನ್ನ ಆಸ್ತಿ ಅನ್ನಲ್ಲ ಕಣೇ, ನಷ್ಟ ಅಂತಾರೆ. ಮಣ್ಣು ತುಂಬಿ ಮೇಲೆ ಕಾಂಕ್ರೀಟ್ ಹಾಕಿದ್ರೆ ಎರಡು ಕಾರು ಆರಾಮಾಗಿ ನಿಲ್ಲಿಸಬಹುದು.”

“ಇರೋದೇ ಒಂದು ಕಾರು!”

“ಎರಡನೇದು ತಗೊಂಡ್ರೆ ತಲೆ ಮೇಲಿಟ್ಕೊಳ್ಳೋದಾ?”

“ಒಳ್ಳೇದೇ ಆಯ್ತು ಬಿಡು,” ಎಂದು ಅತ್ತೆ ದನಿಗೂಡಿಸಿದರು. “ಆ ಗುಂಡಿ ನೋಡಿದ್ರೆ ನಂಗೆ ಊಟ ಸೇರಲ್ಲ.” ಹೀಗೆಂದು ಇನ್ನೊಂದು ಸಲ ಬಡಿಸಿಕೊಂಡರು.

“ಕಲೆ ತಾನೇ ತೊಂದರೆ?” ನಾನು ಸೌಟನ್ನು ಟಪ್ಪನೆ ಇಟ್ಟೆ. “ಕಲೆ ತೆಗೀತೀನಿ. ಆಗಲಾದ್ರೂ ಬಿಡ್ತೀರಾ?”

ಮೇಜಿನ ಸುತ್ತ ನಗೆ ಎದ್ದಿತು. ಮಗಳು ಫೋನಿನಿಂದ ಕಣ್ಣೆತ್ತಿ, “ಅಮ್ಮಾ, ಅದು ಪಾತ್ರೆ ಅಲ್ಲ, ಈಜುಕೊಳ,” ಎಂದಳು.

“ದೊಡ್ಡ ಪಾತ್ರೆ ಅಷ್ಟೇ!”

ನಮ್ಮವರು ಉದಾರಿಗಳಾದರು. “ಆಯ್ತಮ್ಮ, ಮುಂದಿನ ತಿಂಗಳು ಮೊದಲನೇ ಭಾನುವಾರ ಮೇಸ್ತ್ರಿಗೆ ಅಳತೆ ತಗೊಳ್ಳೋಕೆ ಬರಕ್ಕೆ ಹೇಳಿದ್ದೀನಿ. ಅಷ್ಟರೊಳಗೆ ಪೂರ್ತಿ ಬೇಡ, ಅರ್ಧ ಕಲೆ ಹೋಗಿರಲಿ ಸಾಕು. ಕೊಳ ಮುಟ್ಟಲ್ಲ.”

ಅರ್ಧ ಸಾಕು ಎಂದರು. ಓದುಗ ಮಹಾಶಯರೇ, ಅವರು ಬಾಯಿಬಿಟ್ಟು ಹೇಳಿದರು. ನಾನು ಎರಡು ಕಿವಿಯಲ್ಲೂ ಕೇಳಿಸಿಕೊಂಡೆ.

ಮರುದಿನವೇ ಈಜುಕೊಳದ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯವನ ಬಲಗಡೆ ಹುಬ್ಬು ಅರ್ಧಕ್ಕೇ ನಿಂತಿತ್ತು. ಅವನಿಗೆ ಸರಕು ಮಾರುವುದಕ್ಕಿಂತ ಗಿರಾಕಿಯನ್ನು ಹೆದರಿಸುವುದರಲ್ಲಿ ಹೆಚ್ಚು ಉತ್ಸಾಹ.

“ಅಕ್ಕಾ, ಆಸಿಡ್‌ಗೆ ಯಾವತ್ತೂ ನೀರು ಸುರಿಬೇಡಿ. ನೀರಿಗೆ ಆಸಿಡ್ ಹಾಕ್ಬೇಕು, ಅದೂ ಸ್ವಲ್ಪ ಸ್ವಲ್ಪ. ನಮ್ಮ ಭಾವ ಉಲ್ಟಾ ಮಾಡಿದ, ಮುಖಕ್ಕೇ ಸಿಡೀತು.”

“ನಿಮ್ಮ ಹುಬ್ಬು?”

“ನಾನು ಪಕ್ಕದಲ್ಲಿ ನಿಂತ್ಕೊಂಡು ಬುದ್ಧಿ ಹೇಳ್ತಿದ್ದೆ.” ಅವನು ಅರ್ಧ ಹುಬ್ಬನ್ನು ಸವರಿಕೊಂಡ. “ಕ್ಲೋರಿನ್ನೂ ಆಸಿಡ್ಡೂ ಒಂದೇ ಕಪಾಟಲ್ಲಿ ಇಡಬೇಡಿ. ಒಂದಕ್ಕೊಂದು ಸೋಕಿದ್ರೆ ವಿಷದ ಹೊಗೆ. ಅತ್ತೆ ಸೊಸೆ ಥರ, ದೂರ ದೂರ ಇದ್ರೇನೇ ಚೆಂದ.”

“ಆಸಿಡ್ ಇಲ್ಲದೆ ಆಗಲ್ವಾ?” ಎಂದು ಕೇಳಿದೆ. ನನಗೆ ಎರಡು ಹುಬ್ಬೂ ಬೇಕಾಗಿದ್ದವು.

ಆಗುತ್ತದೆ, ಆದರೆ ತಾಳ್ಮೆ ಬೇಕು ಎಂದ. ಮೊದಲು ಯಾವ ಕಲೆ ಯಾವುದರದ್ದು ಎಂದು ತಿಳಿಯಬೇಕಂತೆ. ಸಿ ವಿಟಮಿನ್ ಮಾತ್ರೆಯೊಂದನ್ನು ಕಲೆಯ ಮೇಲಿಟ್ಟು ಉಜ್ಜಬೇಕು. ಮಾಸಿದರೆ ಅದು ಕಬ್ಬಿಣದ ಕಲೆ, ಅದಕ್ಕೆ ಅದೇ ವಿಟಮಿನ್ನಿನ ಪುಡಿ. ಮಾಸದಿದ್ದರೆ ಎಲೆ, ಪಾಚಿಯ ಕಲೆ, ಅದಕ್ಕೆ ಕ್ಲೋರಿನ್. ಒಂದರ ಕೆಲಸ ಮುಗಿದು, ನೀರು ಪರೀಕ್ಷೆ ಮಾಡಿ, ಅದು ಸುಧಾರಿಸಿಕೊಂಡ ಮೇಲೇ ಇನ್ನೊಂದು. ಸುಣ್ಣದ ಹಕ್ಕಳೆಗೆ ಪಾದ ಉಜ್ಜುವ ಕಲ್ಲು. ಕೈಗವಸು, ಕಣ್ಣಿಗೆ ಕನ್ನಡಕ ಮರೆಯಬಾರದು. ಕೇಳುತ್ತಾ ಕೇಳುತ್ತಾ ನನಗೆ ಧೈರ್ಯ ಬಂತು. ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ? ಇದು ಪಾತ್ರೆಯೇ!

ಸಿ ವಿಟಮಿನ್ ಮಾತ್ರೆ ಮನೆಯಲ್ಲೇ ಇತ್ತು. ಅತ್ತೆ ದಿನಾ ಬೆಳಿಗ್ಗೆ ಕಿತ್ತಳೆ ರುಚಿಯ ಒಂದು ಮಾತ್ರೆ ಚಪ್ಪರಿಸುತ್ತಾರೆ. ಅವರ ಡಬ್ಬಿಯಿಂದ ಒಂದನ್ನು ಕದ್ದು, ನಮ್ಮವರ ಕಾಲುಚೀಲದಲ್ಲಿ ಕಟ್ಟಿ, ಕೋಲಿನ ತುದಿಗೆ ಬಿಗಿದು, ನೀರಿನೊಳಗಿನ ತುಕ್ಕಿನ ನದಿಯ ಮೇಲೆ ಒತ್ತಿ ಹಿಡಿದು ಉಜ್ಜಿದೆ. ಎತ್ತಿ ನೋಡಿದರೆ, ಆ ಜಾಗದಲ್ಲಿ ಚಂದ್ರನಂಥ ಒಂದು ಬಿಳಿ ದುಂಡು! ನೀರು ಅಲುಗಿದಂತೆಲ್ಲ ಅದೂ ಅಲುಗುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡಿದೆ. ಆಮೇಲೆ ಬೇರೆ ಬೇರೆ ಕಲೆಗಳ ಮೇಲೆ ಇನ್ನಷ್ಟು ಚಂದ್ರರನ್ನು ಮಾಡಿದೆ. (ಪರೀಕ್ಷೆಗೆ ಎರಡು ಸಾಕಾಗಿತ್ತು, ಆದರೆ ಖುಷಿಗೆ ಲೆಕ್ಕ ಇಡುವವರು ಯಾರು?)

“ನನ್ನ ಮಾತ್ರೆ ಯಾರು ತಿಂತಿರೋದು?” ಅತ್ತೆ ಡಬ್ಬಿ ಅಲ್ಲಾಡಿಸುತ್ತಾ ಬಂದರು.

“ಕೊಳ ತಿಂತಿದೆ ಅತ್ತೆ.”

“ಯಾಕೆ, ಅದಕ್ಕೂ ನೆಗಡಿನಾ?”

ಡಬ್ಬಿ ಆವತ್ತಿನಿಂದ ಅವರ ದಿಂಬಿನ ಕೆಳಗೆ ಸೇರಿತು. ನಾನು ಅಂಗಡಿಯಿಂದ ಪುಡಿಯನ್ನೇ ತಂದೆ.

ಕೆಲಸ ಶುರುವಾಯಿತು. ಎಲೆಯ ನೆರಳುಗಳನ್ನು ಕ್ಲೋರಿನ್ ಮತ್ತು ಮೆತ್ತಗಿನ ಬ್ರಷ್‌ನಿಂದ ಒಂದೊಂದಾಗಿ ಬೀಳ್ಕೊಟ್ಟೆ. ಕ್ಲೋರಿನ್ ಇಳಿಯುವ ತನಕ ಕೊಳದ ಸುತ್ತ ಸುಮ್ಮನೆ ತಿರುಗಿದೆ. ಆಮೇಲೆ ವಿಟಮಿನ್ ಪುಡಿ, ಅದರ ಹಿಂದೆಯೇ ಕರಗಿದ ಕಬ್ಬಿಣ ಮತ್ತೆ ಗಾರೆಗೆ ಅಂಟದಂತೆ ಹಿಡಿದಿಡುವ ದ್ರಾವಣ. ಪುಡಿ ಹಿಮದ ಹಾಗೆ ತಳಕ್ಕೆ ಇಳಿಯುತ್ತಿದ್ದರೆ ಕಂದು ದ್ವೀಪಗಳು ಒಂದೊಂದಾಗಿ ತಿಳಿಯಾಗಿ, ಮಸುಕಾಗಿ, ಇಲ್ಲವಾಗುತ್ತಿದ್ದವು. ನನ್ನ ಸಾಮ್ರಾಜ್ಯ ನನ್ನ ಕಣ್ಣೆದುರೇ ಕರಗುತ್ತಿತ್ತು, ನಾನು ಬಾಯಿ ತೆರೆದು ನೋಡುತ್ತಿದ್ದೆ.

ನಮ್ಮವರಿಗೆ ಇದನ್ನು ಸಹಿಸುವುದು ಕಷ್ಟವಾಯಿತು. ಒಂದು ಸಂಜೆ ಅದೇ ಅಂಗಡಿಯಿಂದ ಒಂದು ದೊಡ್ಡ ಕ್ಯಾನು ಆಸಿಡ್ಡನ್ನೂ ಒಂದು ಕಟ್ಟು ಉಕ್ಕಿನ ನಾರನ್ನೂ ತಂದು ನನ್ನ ಮುಂದಿಟ್ಟರು.

“ಹೀಗೆ ಮಗೂಗೆ ಸ್ನಾನ ಮಾಡಿಸೋ ಹಾಗೆ ಉಜ್ಜುತಾ ಕೂತ್ರೆ ಮುಗಿದ ಹಾಗೇ. ಇದನ್ನ ಸುರಿ, ಅದರಿಂದ ಗಸಗಸ ಉಜ್ಜು. ಐದು ನಿಮಿಷ!”

“ಉಕ್ಕಿನ ನಾರಿನ ಚೂರು ತಳದಲ್ಲಿ ಉಳ್ಕೊಂಡು ತುಕ್ಕು ಹಿಡಿಯತ್ತೆ, ಆಮೇಲೆ ಹೊಸ ಕಲೆ. ಆಸಿಡ್ ಕಲೇನ ಮಾತ್ರ ತೆಗಿಯಲ್ಲ ರೀ, ಕಲೆ ಇರೋ ಗಾರೇನೇ ತಿಂದುಹಾಕತ್ತೆ. ಇದು ಮೊದಲೇ ಹಳೇ ಗಾರೆ.”

“ಕಲೆ ಹೋಗತ್ತೆ ತಾನೇ?”

“ನಿಮ್ಮ ಕೆನ್ನೆ ಮೇಲೆ ಮಚ್ಚೆ ಇದೆ. ಕೆನ್ನೇನೇ ಕಿತ್ತುಹಾಕ್ಲಾ?”

ಅಂದಾಜು ಸಾಹೇಬರು ಕೆನ್ನೆ ಮುಟ್ಟಿಕೊಂಡು ನೋಡಿದರು. ಆ ಕ್ಯಾನನ್ನು ಮುಚ್ಚಳ ತೆರೆಯದೆ ನಾನೇ ಅಂಗಡಿಗೆ ವಾಪಸು ಕೊಟ್ಟು ಬಂದೆ.

ಆಮೇಲೆ ಸುಣ್ಣದ ಸರದಿ. ನೀರನ್ನು ಒಂದು ಗೇಣು ಇಳಿಸಿ, ಸೊಂಟದ ತನಕ ನೀರಲ್ಲಿ ನಿಂತು, ಕೈಗವಸು ತೊಟ್ಟು, ಕನ್ನಡಕ ಹಾಕಿ, ಪಾದ ಉಜ್ಜುವ ಕಲ್ಲನ್ನು ನೆನೆಸಿ ನೆನೆಸಿ ಅಂಚನ್ನು ಉಜ್ಜತೊಡಗಿದೆ. ಸರ್, ಸರ್, ಸರ್. ಆ ಸದ್ದಿನಲ್ಲಿ ಏನೋ ಮಂಪರು. ಬಿಸಿಲು ಬೆನ್ನಿನ ಮೇಲೆ, ತಂಪು ಕಾಲಿನ ಸುತ್ತ. ಸುಣ್ಣ ಹಾಲಿನಂತೆ ನೀರಲ್ಲಿ ಕದಡಿ ಹೋಗುತ್ತಿತ್ತು. ನಾನು ಉಜ್ಜುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಒಂದು ಸಲ ಕಣ್ಣುಬಿಟ್ಟರೆ ಒಂದು ಗೋಡೆಯ ಅಂಚು ಮುಗಿದೇ ಹೋಗಿತ್ತು.

ಇಲ್ಲಿ ಒಂದು ರಹಸ್ಯ ಹೇಳಬೇಕು. ಒಂದು ಕಡೆ ಬೆಳ್ಳಗಾದರೆ, ಅದರ ಪಕ್ಕದ್ದು ನಿನ್ನೆಯವರೆಗೆ ಚೆನ್ನಾಗಿಯೇ ಇದ್ದದ್ದು ಇವತ್ತು ಕೊಳಕಾಗಿ ಕಾಣುತ್ತದೆ. ಅದನ್ನು ಉಜ್ಜಿದರೆ ಅದರಾಚೆಗಿನದು. ಪಾತ್ರೆ ಬೆಳಗುವ ಹೆಂಗಸರಿಗೆಲ್ಲ ಈ ಕಾಯಿಲೆ ಗೊತ್ತು. ಒಂದು ಲೋಟ ಹೊಳೆಯಿತು ಎಂದರೆ ಆ ಸಾಲಿನ ಲೋಟಗಳಿಗೆಲ್ಲ ಅಂದು ಮುಕ್ತಿಯೇ. ಅರ್ಧ ಕೊಳ ಆಗಲೇ ಹೊಳೆಯುತ್ತಿತ್ತು. ಪಂದ್ಯ ಗೆದ್ದಾಗಿತ್ತು. ಸೊಂಟ ಹಿಡಿದಿತ್ತು. ಕಲ್ಲು ಕೆಳಗಿಟ್ಟು, ಉಳಿದ ಅರ್ಧವನ್ನು ಹಾಗೇ ಬಿಟ್ಟು, ಒಂದು ಕಪ್ ಟೀ ಕುಡಿದಿದ್ದರೆ ಇವತ್ತು ನಾನು ಸುಖವಾಗಿ ತೇಲುತ್ತಿರುತ್ತಿದ್ದೆ. ಆದರೆ ಕೈ ನಿಲ್ಲಲಿಲ್ಲ.

ಕೊನೆಗೆ ಉಳಿದದ್ದು ಆಳದ ಮೂಲೆಯ ಮೊಸಳೆ ಒಂದೇ. ಅದರ ಮೇಲೆ ತೇಲುತ್ತಾ ನಾನು ಒಂದು ಕ್ಷಣ ಯೋಚಿಸಿದೆ. ಸುತ್ತ ಎಲ್ಲ ಬೆಳ್ಳಗಾಗಿ ಅದು ಒಂಟಿಯಾಗಿತ್ತು. ಎಷ್ಟೋ ವರ್ಷದಿಂದ ನನಗೆ ಕಾವಲಿದ್ದ ಪ್ರಾಣಿ. ಇರಲಿ ಬಿಡೇ ಎಂದು ಮನಸ್ಸು ಹೇಳಿತು. ಅಷ್ಟರಲ್ಲಿ ಬಿಸಿಲು ಸ್ವಲ್ಪ ವಾಲಿತು, ಅದರ ಬಾಲದ ತುದಿ ನನ್ನ ಬಿಳಿ ನೆಲದ ಮೇಲೆ ಎದ್ದು ಕಂಡಿತು. ನನಗೆ ತಡೆಯಲಾಗಲಿಲ್ಲ. ಬಾಲ ಮಾತ್ರ ಎಂದುಕೊಂಡು ಕಾಲುಚೀಲದಲ್ಲಿ ಪುಡಿ ಕಟ್ಟಿ ಕೋಲು ಇಳಿಸಿದೆ. ಬಾಲ ಹೋದ ಮೇಲೆ ಬಾಲವಿಲ್ಲದ ಮೊಸಳೆ ಅಸಹ್ಯವಾಗಿ ಕಂಡಿತು. ಸಂಜೆಯ ಹೊತ್ತಿಗೆ ಮೊಸಳೆ ಇದ್ದ ಗುರುತೂ ಇರಲಿಲ್ಲ.

ಭಾನುವಾರ ಬಂತು. ನೀರನ್ನು ಮತ್ತೆ ತುಂಬಿಸಿ, ಪರೀಕ್ಷೆ ಮಾಡಿ, ಎಲ್ಲಾ ಹದ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡಿದ್ದೆ. ಮೇಸ್ತ್ರಿ ಅಳತೆಪಟ್ಟಿ ಹಿಡಿದು ಬಂದ. ಹಿಂದೆ ನಮ್ಮವರು, ಅತ್ತೆ, ಮಗಳು, ಎರಡು ಬೀದಿ ಆಚೆ ಇರುವ ನಾದಿನಿ. (ಅವಳು ಹೆಂಗಸರಿಗೆ ವ್ಯಾಯಾಮ ಹೇಳಿಕೊಡುತ್ತಾಳೆ. ಅಣ್ಣ ನನ್ನನ್ನು ಸೋಲಿಸುವುದನ್ನು ಕಣ್ಣಾರೆ ನೋಡಲು ಬಂದಿದ್ದಳು.) ಎಲ್ಲರೂ ಅಂಚಿಗೆ ಬಂದು ಬಗ್ಗಿ ನೋಡಿದರು.

ಕೊಳದೊಳಗೆ ಆಕಾಶ ಬಿದ್ದಿತ್ತು. ನೀರು ಎಲ್ಲಿ ಮುಗಿಯುತ್ತದೆ, ಬೆಳಕು ಎಲ್ಲಿ ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ. ತಳದ ಬಿಳುಪಿನ ಮೇಲೆ ಬಿಸಿಲಿನ ಬಲೆ ಮೆಲ್ಲಗೆ ತೂಗುತ್ತಿತ್ತು, ಅದೇ ಬೆಳಕು ಎಲ್ಲರ ಗಲ್ಲದ ಕೆಳಗೆ ಆಡುತ್ತಿತ್ತು. ಮೇಸ್ತ್ರಿ ಅಳತೆಪಟ್ಟಿಯನ್ನು ಜೇಬಿಗೆ ಹಾಕಿ, ಚಪ್ಪಲಿ ಬಿಟ್ಟು, ಒಂದು ಕಾಲನ್ನು ನೀರಿಗೆ ಇಳಿಬಿಟ್ಟು ಕಣ್ಣು ಮುಚ್ಚಿದ. ನನ್ನ ಎದೆ ಹೆಮ್ಮೆಯಿಂದ ಉಬ್ಬಿ ಹೋಯಿತು.

“ಇದನ್ನ ಮುಚ್ಚೋಕೆ ನನ್ನ ಕೈಯಲ್ಲಾಗಲ್ಲ ಸಾರ್,” ಎಂದ.

“ಮುಚ್ಚೋದಾ? ಯಾರು ಹೇಳಿದ್ದು?” ನಮ್ಮವರು ಆಗಲೇ ಶರ್ಟಿನ ಗುಂಡಿ ಬಿಚ್ಚುತ್ತಿದ್ದರು. “ಇದು ಆಸ್ತಿ ಕಣಯ್ಯಾ, ಆಸ್ತಿ!” ಅವರ ಸೂಕ್ಷ್ಮ ಚರ್ಮ ದಡಾರನೆ ನೀರಿಗೆ ಬಿತ್ತು. ಮಗಳು ಅದರ ಹಿಂದೆಯೇ ಹಾರಿ ನೇರವಾಗಿ ಆಳದ ಮೂಲೆಗೆ ಹೋದಳು.

“ನಾನು ಸ್ವಲ್ಪ ಪಾದ ಮಾತ್ರ ಒದ್ದೆ ಮಾಡ್ಕೊಳ್ಲಾ?” ಎಂದರು ಅತ್ತೆ. ಪಾದದಿಂದ ಶುರುವಾದದ್ದು ಕುತ್ತಿಗೆಗೆ ಬಂದು ನಿಂತಿತು. ಮೆಟ್ಟಿಲ ಮೇಲೆ ನೀರಿನೊಳಗೆ ಕೂತು, ಮಂಡಿನೋವು ಅರ್ಧ ಇಳಿಯಿತು ಎಂದು ಘೋಷಿಸಿದರು. ನಾದಿನಿ ಕೊಳದ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದಳು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಬೆರಳು ಮಡಚುತ್ತಾ ವ್ಯವಸ್ಥೆ ಮಾಡಿದರು. ಬೆಳಿಗ್ಗೆ ಆಫೀಸಿಗೆ ಮುಂಚೆ ಅವರು. ಆಮೇಲೆ ಅತ್ತೆ ಮತ್ತು ಅತ್ತೆಯ ವಾಕಿಂಗ್ ಗೆಳತಿಯರು. (ಇನ್ನು ವಾಕಿಂಗ್ ನೀರಿನಲ್ಲೇ.) ಸಂಜೆ ಮಗಳು ಮತ್ತು ಅವಳ ಕಾಲೇಜಿನ ಗುಂಪು.

“ಮಧ್ಯಾಹ್ನ ಹೇಗೂ ಖಾಲಿ ಇರತ್ತೆ,” ಎಂದಳು ನಾದಿನಿ. “ನನ್ನ ಕ್ಲಾಸಿನವರಿಗೆ ನೀರಿನ ವ್ಯಾಯಾಮ ಶುರು ಮಾಡ್ತೀನಿ. ಅತ್ತಿಗೇ, ನಿಮ್ಗೇನೂ ತೊಂದರೆ ಇಲ್ಲ ತಾನೇ?”

“ಅವಳಿಗೇನು ತೊಂದರೆ?” ಎಂದು ನಮ್ಮವರೇ ಉತ್ತರ ಕೊಟ್ಟರು.

“ಮಧ್ಯಾಹ್ನ ನಾನು…” ಎಂದು ಶುರು ಮಾಡಿದೆ. ಆದರೆ ಏನೆಂದು ಹೇಳುವುದು? ನಾನು ಅಲ್ಲಿ ಏನೂ ಮಾಡುವುದಿಲ್ಲ, ಸುಮ್ಮನೆ ಇರುತ್ತೇನೆ ಎಂದು ಹೇಳುವುದೇ? ನಮ್ಮ ಮನೆಯಲ್ಲಿ ಸುಮ್ಮನೆ ಇರುವುದು ಕೆಲಸವಲ್ಲ. “ಮತ್ತೆ ನನಗೆ ಯಾವಾಗ?” ಎಂದಷ್ಟೇ ಕೇಳಿದೆ.

“ನಿಂಗೆ ಯಾಕೆ ಚಿಂತೆ? ಎಲ್ಲರೂ ಹೋದ್ಮೇಲೆ ಕ್ಲೀನ್ ಮಾಡೋಕೆ ಹೇಗೂ ಇಳೀತೀಯಲ್ಲ,” ಎಂದರು ನಮ್ಮವರು, ದೊಡ್ಡ ಉಪಕಾರ ಮಾಡಿದವರಂತೆ.

ಈಗ ಮಧ್ಯಾಹ್ನವಾದರೆ ಹಿತ್ತಲಿನಲ್ಲಿ ಒಂದು ತಂಡ ಹೆಂಗಸರು “ಒಂದು, ಎರಡು, ಮೂರು!” ಎಂದು ನೀರು ಬಡಿಯುತ್ತಾರೆ. ಅದು ಮುಗಿದ ಮೇಲೆ ಅವರಿಗೆಲ್ಲ ಟೀ ಬೇಕು. ಅತ್ತೆ ಸೋಫಾ ಬಿಟ್ಟು ಕೊಳದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದಾರೆ. ಬಂದವರಿಗೆಲ್ಲ, “ನಮ್ಮ ಕೊಳ. ಎಲ್ಲಾ ನಾವೇ ಉಜ್ಜಿದ್ದು,” ಎಂದು ತೋರಿಸುತ್ತಾರೆ.

ಮೊನ್ನೆ ನಾದಿನಿಯ ತಂಡ ಬರಲಿಲ್ಲ, ಯಾರದೋ ಮನೆಗೆ ಹೋಗಬೇಕಿತ್ತಂತೆ. ಪಾತ್ರೆ ಮುಗಿಸಿ ಹಿತ್ತಲಿಗೆ ಬಂದರೆ ಕೊಳದ ಸುತ್ತ ಸದ್ದಿಲ್ಲ. ಅತ್ತೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ನೀರು ಅಲುಗದೆ ಮಲಗಿತ್ತು, ಒಂದು ಮೋಡ ಆಗಲೇ ಅದರ ಮಧ್ಯಕ್ಕೆ ಬಂದು ಕಾಯುತ್ತಿತ್ತು. ಚಪ್ಪಲಿ ಬಿಟ್ಟೆ, ಮೆಲ್ಲಗೆ ಮೆಟ್ಟಿಲ ಬಳಿ ಹೋದೆ, ಬಲಗಾಲನ್ನು ನೀರಿನತ್ತ ಚಾಚಿದೆ. ಹೆಬ್ಬೆರಳಿಗೆ ತಂಪು ತಾಕಿತು.

“ಏ, ಏ! ನಿಲ್ಲು!” ಅತ್ತೆ ಕುರ್ಚಿಯಲ್ಲಿ ನೆಟ್ಟಗಾದರು. “ಅಡುಗೆಮನೆಯಿಂದ ಬಂದವಳು ಹಾಗೇ ಇಳೀಬೇಡಮ್ಮ, ಕಲೆ ಆಗತ್ತೆ!”